ಐದನೆಯ ಏಟು

ಜಲಾಲುದ್ದೀನನ ಅಪ್ಪ ಕಲ್ಯಾಣ ಪಟ್ಟಣದ ಮದುವೆಗಳಲ್ಲಿ ತಾಸೆ ಬಾರಿಸುತ್ತಿದ್ದ, ಮದುವೆಯಿಲ್ಲದ ದಿನ ಮಗನನ್ನು ಬಾರಿಸುತ್ತಿದ್ದ. ಎರಡರಿಂದಲೂ ತಾಳ ಕಲಿತ ಜಲಾಲ ಮೂವತ್ತಾರನೇ ಇಸವಿಯಲ್ಲಿ ಮುಂಬಯಿಗೆ ಓಡಿಹೋದ. ಅಲ್ಲಿ ದೊಡ್ಡ ಹೋಟೆಲಿನ ಜಾಝ್ ಬ್ಯಾಂಡಿನಲ್ಲಿ, ಸಾಹೇಬರು ಮೇಡಮ್ಮಂದಿರ ಸೊಂಟ ಹಿಡಿದು ತೂರಾಡುವಾಗ, ವೈಬ್ರಫೋನ್ ನುಡಿಸಿದ. ಸಾಲಾಗಿ ಜೋಡಿಸಿದ ಲೋಹದ ಪಟ್ಟಿಗಳಿಗೆ ಉಂಡೆಕೋಲಿನಿಂದ ಬಡಿದರೆ ನಾದ ನಡುಗುತ್ತ ಉಳಿಯುವ ವಾದ್ಯ ಅದು. ಹಗಲು ರೆಕಾರ್ಡ್ ಕಂಪನಿಗಳಿಗೆ ಹೋಗಿ ಹಾಡುವವರ ಹಿಂದೆ ಕೈಗೆ ಸಿಕ್ಕಿದ್ದನ್ನೆಲ್ಲ ಬಾರಿಸಿ ಬರುತ್ತಿದ್ದ. ರೆಕಾರ್ಡಿನ ಮೇಲೆ ಹಾಡಿದವಳ ಹೆಸರು ಅಚ್ಚಾಗುತ್ತಿತ್ತು. ಜಲಾಲನ ಹೆಸರು ಯಾರಿಗೂ ಬೇಕಿರಲಿಲ್ಲ.

ನಲವತ್ತನಾಲ್ಕರಲ್ಲಿ ಹುಮನಾಬಾದಿನ ಬಳೆ ವ್ಯಾಪಾರಿ ನಬೀಸಾಬರ ಮಗಳು ತಾಹೇರಾಳನ್ನು ಕೇಳಲು ಹೋದಾಗ ಅದೇ ಕುತ್ತಿಗೆಗೆ ಬಂತು. ಚಿಕ್ಕಮ್ಮನ ಮನೆಯಲ್ಲಿ ಒಮ್ಮೆ ಅವಳನ್ನು ಕಂಡಾಗಿನಿಂದ ಅವನಿಗೆ ಬೇರೆ ಹುಡುಗಿಯ ಮಾತೇ ಬೇಡವಾಗಿತ್ತು.

"ಮುಂಬೈದಾಗ ಏನ್ ಮಾಡ್ತಿಯಪಾ?"

"ರೆಕಾರ್ಡಿಗೆ ಬಾರಸ್ತೀನ್ರಿ."

ನೆರೆಮನೆಯ ಗ್ರಾಮಫೋನು ಬಂತು. ಪಡಸಾಲೆಯಲ್ಲಿ ನಾಲ್ವರು ಹಿರಿಯರು ಕೂತರು, ಪರದೆಯ ಹಿಂದೆ ಹೆಂಗಸರು. ಜಲಾಲ ತಂದಿದ್ದ ರೆಕಾರ್ಡು ಹಚ್ಚಿದರು. ಹಾಡಿನ ನಡುವೆ ಟಿಣ್ ಟಿಣ್ ಬಂದಾಗ, "ಇದು ನಾನೇರಿ" ಎಂದ.

"ಹಂಗಂತ ನಾನೂ ಹೇಳ್ತೀನಿ" ಎಂದರು ನಬೀಸಾಬರು. "ಹೆಸರು ಎಲ್ಲಿ ಅದ? ನೀ ಅಲ್ಲಿ ಚಾದ ಕಪ್ಪು ಬಶಿ ತೊಳ್ಯಾಕತ್ತಿದ್ದಿ ಅಂತಾರ ಮಂದಿ."

ಹಿರಿಯರು ಕಿಸಕ್ಕನೆ ನಕ್ಕರು. ಜಲಾಲನಿಗೆ ಅಳುವೇ ಬಂದಂತಾಯಿತು. ತಾಹೇರಾ ಕೈತಪ್ಪಿದಳೆಂದು ತಿಳಿದಾಗ, ಆರು ವರ್ಷ ಯಾರಿಗೂ ಹೇಳದೆ ಬಚ್ಚಿಟ್ಟಿದ್ದನ್ನು ಬಾಯಿಬಿಟ್ಟ.

"ಇನ್ನೊಮ್ಮೆ ಹಚ್ಚರಿ. ಎರಡನೇ ಚರಣ ಮುಗದ ಮ್ಯಾಲ ಐದು ಏಟು ಅವ. ಐದನೇದು ತಪ್ಪು ಪಟ್ಟೀಗೆ ಹೊಡದೀನ್ರಿ. ಹಾಡೋರಿಗೆ ಗಂಟಲು ಕಟ್ಟಿತ್ತು, ಮತ್ತ ಹಾಡಂಗಿಲ್ಲ ಅಂದ್ರು. ಹಂಗೇ ಅಚ್ಚಾತು."

ಹಚ್ಚಿದರು. ನಾಲ್ಕು ಏಟು ಇಂಪಾಗಿ ಬಿದ್ದವು. ಐದನೆಯದು ಅಡುಗೆಮನೆಯಲ್ಲಿ ಮುಚ್ಚಳ ಬಿದ್ದಂತೆ ಬಿತ್ತು.

ನಬೀಸಾಬರು ಪಟ್ಟು ಬಿಡಲಿಲ್ಲ. "ಮಂದಿ ಮಾಡಿದ ತಪ್ಪನ್ನೂ ಯಾರಾದ್ರೂ ನಂದೇ ಅನ್ನಬಹುದು."

ಪರದೆಯ ಹಿಂದಿನಿಂದ ಅವರ ಹೆಂಡತಿ ಕುಲ್ಸುಮ್ ಬೀ ಮಾತಾಡಿದಳು. "ಏನ್ರಿ, ನಿಮ್ಮ ಕೂಡ ಮೂವತ್ತು ವರ್ಷ ಬಾಳೇವು ಮಾಡೀನಿ. ನಿಮ್ಮ ತಪ್ಪನ್ನೇ ನೀವು ಒಂದಿನಾನೂ ನಂದು ಅಂದಿಲ್ಲ. ಮಂದೀದು ಯಾರು ಹೊತ್ಕೋತಾರ? ಸುಮ್ಮನ ಹುಡುಗೀನ ಕೊಡ್ರಿ."

ನಬೀಸಾಬರು, ಮದುವೆ ಗೊತ್ತಾಯಿತೆಂದು ಎಲ್ಲರಿಗೂ ಹಂಚಲು, ಸಕ್ಕರೆ ತರಲು ಹೇಳಿದರು.