ಸಾಂತಿಯಾಗೊದಲ್ಲಿ ಅವಳ ಪಾಪನಿವೇದನೆ

ಅಬುಧಾಬಿಯ ಒಂದೇ ಆಸ್ಪತ್ರೆಯಲ್ಲಿ ನಾವಿಬ್ಬರೂ ನರ್ಸುಗಳು. ಖಲೀಫಾ ಸಿಟಿಯಲ್ಲಿ ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದ ಒಂದು ವಿಲ್ಲಾದ ಹಿಂಬದಿಯಲ್ಲಿ ಹನ್ನೊಂದು ವರ್ಷ ಜೊತೆಗಿದ್ದೆವು. ನಾನು ಉಡುಪಿ ಕಡೆಯವಳು, ಅವಳು ಹಾಸನದವಳು. ಇಬ್ಬರದೂ ಮನೆಮಾತು ಕೊಂಕಣಿಯೇ, ಆದರೆ ಅವಳ ಕೊಂಕಣಿ ಕೇಳಿದರೆ ನನಗೆ ನಗು ಬರುತ್ತಿತ್ತು, ಅದಕ್ಕೇ ನಮ್ಮ ಮಾತೆಲ್ಲ ಕನ್ನಡದಲ್ಲಿ. ಅವಳಿಗೆ ಮದುವೆಯಾಗಿರಲಿಲ್ಲ. ನನ್ನ ಗಂಡ ತೀರಿಕೊಂಡಾಗ ಮಗಳಿಗೆ ಮೂರು ವರ್ಷ. ಅವಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ನಾನು ಗಲ್ಫಿಗೆ ಬಂದಿದ್ದೆ. ಇದೆಲ್ಲ ಗೆಳತಿಗೆ ನನ್ನಷ್ಟೇ ಗೊತ್ತಿತ್ತು.

ಸ್ಪೇನಿನ ಸಾಂತಿಯಾಗೊಗೆ ಹೋಗುವ ಆಸೆ ಮೊದಲು ಅವಳದ್ದು. ಯೇಸುವಿನ ಶಿಷ್ಯ ಯಾಕೋಬನ ಸಮಾಧಿ ಇರುವ ಊರು ಅದು. ಜನ ನೂರಾರು ಮೈಲಿ ನಡೆದು ಅಲ್ಲಿಗೆ ಹರಕೆ ತೀರಿಸಲು ಹೋಗುತ್ತಾರೆ. ನಮಗೆ ನಡೆಯುವಷ್ಟು ರಜೆ ಇರಲಿಲ್ಲ. ದುಬೈಗೆ ಎರಡು ಸಲ ಅಲೆದು ವೀಸಾ ಮಾಡಿಸಿಕೊಂಡು, ವಿಮಾನದಲ್ಲಿ ಮ್ಯಾಡ್ರಿಡ್‌ಗೆ, ಅಲ್ಲಿಂದ ರೈಲಿನಲ್ಲಿ ಸಾಂತಿಯಾಗೊಗೆ ಹೋಗಿ ಐದು ದಿನ ಉಳಿಯುವುದೆಂದು ಮಾಡಿಕೊಂಡೆವು.

ನಾವು ಇಳಿದುಕೊಂಡದ್ದು ಹಳೇ ಊರಿನ ಓಣಿಯೊಂದರ ಕಲ್ಲಿನ ಮನೆಯ ಮೂರನೇ ಮಹಡಿಯಲ್ಲಿ. ಮರದ ಮೆಟ್ಟಿಲು ಹತ್ತುವಾಗ ಇಡೀ ಮನೆ ಕಿರುಗುಟ್ಟುತ್ತಿತ್ತು. ಮನೆಯೊಡತಿ ಮುದುಕಿ ಮೊದಲು ನಮ್ಮ ಕಾಲು ನೋಡಿ, ಎಲ್ಲಿಂದ ನಡೆದು ಬಂದಿರಿ ಎಂದು ಕೈಸನ್ನೆಯಲ್ಲಿ ಕೇಳಿದಳು. ನನ್ನ ಗೆಳತಿ ಎರಡೂ ಕೈ ಚಾಚಿ ವಿಮಾನ ಮಾಡಿ ತೋರಿಸಿದಳು. ಮೂವರೂ ನಕ್ಕೆವು. ಆ ಊರಿನಲ್ಲಿ ನಾನು ನಕ್ಕದ್ದು ಅದೊಂದೇ ಸಲವೇನೋ.

ಮರುದಿನ ಬೆಳಿಗ್ಗೆ ಯಾಕೋಬನ ಸಮಾಧಿಯಿರುವ ಚರ್ಚಿಗೆ, ಆ ದೊಡ್ಡ ಇಗರ್ಜಿಗೆ ಹೋದೆವು. ಅಲ್ಲಿ ಬೇರೆ ಬೇರೆ ಭಾಷೆಯಲ್ಲಿ ಪಾಪನಿವೇದನೆ ಕೇಳುವ ಪಾದ್ರಿಗಳಿದ್ದರು. ಇಂಗ್ಲಿಷ್ ಬಲ್ಲವರೊಬ್ಬರ ಮುಂದೆ ಅವಳು ಮೊಣಕಾಲೂರಿದಳು. ನಾನು ಬೆಂಚಿನಲ್ಲಿ ಕೂತು ಕಾದೆ. ಅಷ್ಟು ಹೊತ್ತು ಹೇಳುವಂಥ ಪಾಪ ಇವಳೆಂತ ಮಾಡಿದ್ದಾಳೆ ಎಂದು ಮನಸ್ಸಿನಲ್ಲೇ ತಮಾಷೆ ಮಾಡಿಕೊಂಡದ್ದು ನೆನಪಿದೆ. ಎದ್ದು ಬಂದಾಗ ಅವಳ ಮೂಗು ಕೆಂಪಾಗಿತ್ತು.

ಪೂಜೆ ಮುಗಿಸಿ, ಇಗರ್ಜಿಯ ಮುಂದಿನ ಚೌಕದ ಪಕ್ಕದ ಸಣ್ಣ ಹೋಟೆಲಿನಲ್ಲಿ ಊಟಕ್ಕೆ ಕೂತೆವು. ಸೊಪ್ಪು, ಆಲೂಗಡ್ಡೆ ಹಾಕಿದ ಬಿಸಿ ಸಾರು ಬಂತು. ನಾನು ಚಮಚ ಎತ್ತಿದ್ದೆ.

"ಒಂದು ವಿಷಯ ಹೇಳ್ಬೇಕು ಕಣೇ. ಕೋಪ ಮಾಡ್ಕೋಬೇಡ," ಎಂದಳು.

"ಎಂತ, ಹೇಳು ಮಾರಾಯ್ತಿ."

"ಇನ್‌ಚಾರ್ಜ್ ಪೋಸ್ಟ್ ವಿಷಯ."

ಆರು ವರ್ಷದ ಹಿಂದೆ ನಮ್ಮ ವಾರ್ಡಿನ ಇನ್‌ಚಾರ್ಜ್ ಹುದ್ದೆ ಖಾಲಿಯಾದಾಗ ಸರದಿ ನನ್ನದಾಗಿತ್ತು. ನಾನೇ ಸೀನಿಯರ್. ಆ ಹುದ್ದೆ ಸಿಕ್ಕಿದರೆ ನೈಟ್ ಡ್ಯೂಟಿ ತಪ್ಪುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮಗಳಿಗೆ ವೀಸಾ ಮಾಡಿಸಿ ಕರೆಸಿಕೊಳ್ಳುವಷ್ಟು ಸಂಬಳವಾಗುತ್ತಿತ್ತು. ಮಗಳಿಗಾಗ ಹನ್ನೊಂದು. ಖಲೀಫಾ ಸಿಟಿಯ ಶಾಲೆಯೊಂದಕ್ಕೆ ಹೋಗಿ ಫಾರ್ಮ್ ಕೂಡ ತಂದಿಟ್ಟಿದ್ದೆ. ಹುದ್ದೆ ಸಿಕ್ಕಿದ್ದು ಇವಳಿಗೆ. ನನಗೆ ಯಾಕಿಲ್ಲವೆಂದು ಯಾರೂ ಹೇಳಲಿಲ್ಲ. ಇವಳಿಗಾದರೂ ಸಿಕ್ಕಿತಲ್ಲ ಎಂದು ನಾನೇ ಕೇಕ್ ಮಾಡಿ ವಾರ್ಡಿಗೆ ಹಂಚಿದ್ದೆ.

"ನೀನು ಐರ್ಲೆಂಡಲ್ಲಿ ನರ್ಸ್ ಕೆಲ್ಸಕ್ಕೆ ಹೋಗೋಕೆ ಪರೀಕ್ಷೆ ಕಟ್ಟೋ ಯೋಚ್ನೆ ಇದೆ ಅಂದಿದ್ದೆಯಲ್ಲ. ಅದನ್ನ ನಾನು ಮ್ಯಾನೇಜರ್‌ಗೆ ಹೇಳ್ದೆ. ಇವಳು ಇನ್ನು ಆರು ತಿಂಗಳೂ ಇರಲ್ಲ, ಹೋಗ್ಬಿಡ್ತಾಳೆ ಅಂತ."

"ಅದನ್ನು ನಾನು ಕೈಬಿಟ್ಟಿದ್ದೆನಲ್ಲ. ನಿನಗೆ ಗೊತ್ತುಂಟಲ್ಲ?"

"ಗೊತ್ತಿತ್ತು."

"ಮತ್ತೆ?"

"ನನ್ನ ಬೆನ್ನು ನೋವು ಹೇಗಿತ್ತು ಅಂತ ನೀನೇ ನೋಡಿದೀಯ. ಇನ್ನೊಂದು ವರ್ಷ ನೈಟ್ ಮಾಡಿದ್ರೆ ಸತ್ತೇ ಹೋಗ್ತಿದ್ದೆ ಕಣೇ."

ಆ ಬೆನ್ನಿಗೆ ಎಣ್ಣೆ ತಿಕ್ಕಿದ್ದೂ ನಾನೇ. ಕೈಯಲ್ಲಿದ್ದ ಚಮಚವನ್ನು ಬಟ್ಟಲಿಗೆ ಬಿಟ್ಟೆ.

"ಈಗ ಯಾಕೆ ಹೇಳಿದ್ದು?"

"ಫಾದರ್ ಹೇಳಿದ್ರು. ಯಾರಿಗೆ ತಪ್ಪು ಮಾಡಿದ್ಯೋ ಅವರ ಹತ್ರ ಹೋಗಿ ಹೇಳು ಅಂತ."

"ಫಾದರ್ ಹೇಳದಿದ್ದರೆ?"

ಅವಳು ಮುಖ ಮುಚ್ಚಿಕೊಂಡಳು. ಸ್ವಲ್ಪ ಹೊತ್ತು ಅತ್ತಳು. ಅಷ್ಟರಲ್ಲಿ ಅವಳು ತರಲು ಹೇಳಿದ್ದ ಆಕ್ಟೋಪಸ್ ಖಾದ್ಯ ಮರದ ತಟ್ಟೆಯಲ್ಲಿ ಬಂತು. ಕಣ್ಣೊರೆಸಿಕೊಂಡು ತಿನ್ನತೊಡಗಿದಳು. ನಡುವೆ ನನ್ನ ಕೈ ಹಿಡಿದು, "ನಂಗೀಗ ಎಷ್ಟು ಹಗುರ ಆಯ್ತು ಗೊತ್ತಾ," ಎಂದಳು. ಸುಳ್ಳಲ್ಲ, ಮುಖವೇ ಹೇಳುತ್ತಿತ್ತು. ಆರು ವರ್ಷ ಅವಳು ಹೊತ್ತದ್ದನ್ನು ಈಗ ನನ್ನ ಮಡಿಲಿಗೆ ಇಳಿಸಿ ಆಗಿತ್ತು. ಮೀನಿನ ಊರಿನವಳು ನಾನು, ಆ ತಟ್ಟೆಯಿಂದ ಒಂದು ತುಂಡೂ ಮುಟ್ಟಲಿಲ್ಲ.

ಇನ್ನೂ ಮೂರು ದಿನ ಬಾಕಿ ಇತ್ತು. ಬೇರೆ ಕೋಣೆ ಇದೆಯೇ ಎಂದು ಮುದುಕಿಯನ್ನು ಕೇಳಿದೆ. ಯಾತ್ರಿಕರ ಕಾಲ, ಒಂದೂ ಇರಲಿಲ್ಲ. ಜೋಡಿಸಿಟ್ಟ ಎರಡು ಮಂಚಗಳ ನಡುವೆ ಒಂದು ಕುರ್ಚಿಯ ಜಾಗ ಬಿಡಿಸಿಕೊಂಡೆ, ಅಷ್ಟೆ. ಬೆಳಗಾಗುತ್ತಲೇ ಹೊರಟುಬಿಡುತ್ತಿದ್ದೆ. ಸಣ್ಣ ಮಳೆ, ಒದ್ದೆ ಕಲ್ಲುಹಾಸು. ಬೆನ್ನಿಗೆ ಚೀಲ ಕಟ್ಟಿಕೊಂಡ ಜನ ಕುಂಟುತ್ತ ಚೌಕಕ್ಕೆ ಬಂದು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಳುತ್ತಿದ್ದರು. ಅವರ ಸಂತೋಷ ಕಂಡು ನನಗೆ ಸಿಟ್ಟು ಬರುತ್ತಿತ್ತು. ಹಾಗೆ ಸಿಟ್ಟು ಬರುವುದೂ ಪಾಪವೇ ಇರಬೇಕು, ಆದರೆ ಅದನ್ನು ಯಾರ ಮುಂದೂ ನಿವೇದಿಸಲಿಲ್ಲ.

ಇಗರ್ಜಿಯ ಬಲಿಪೀಠದ ಹಿಂದೆ ಮೆಟ್ಟಿಲು ಹತ್ತಿ ಸಂತನ ಪ್ರತಿಮೆಯನ್ನು ಹಿಂದಿನಿಂದ ಅಪ್ಪಿಕೊಳ್ಳುವ ಪದ್ಧತಿ ಉಂಟು. ಮೂರನೇ ದಿನ ನಾನೂ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಪ್ರತಿಮೆಯ ಭುಜದ ಮೇಲೆ ಕೈಯಿಟ್ಟೆ. ಕ್ಷಮಿಸುವ ಮನಸ್ಸು ಕೊಡು ಎಂದು ಕೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು, ಅವಳಿಗೆ ಆ ಬೆನ್ನು ನೋವು ಮತ್ತೆ ಬರಲಿ ಎಂಬ ಮಾತು. ಹಿಂದಿನವರು ಅವಸರ ಮಾಡಿದರು, ಇಳಿದು ಬಂದೆ.

ಹೊರಡುವ ದಿನ ಅವಳು ವಾರ್ಡಿನವರಿಗೆಲ್ಲ ಅಲ್ಲಿಯ ಬಾದಾಮಿ ಕೇಕಿನ ಡಬ್ಬಿಗಳನ್ನು ಕೊಂಡಳು. ಒಂದನ್ನು ನನ್ನ ಮಂಚದ ಮೇಲಿಟ್ಟು, "ಇದು ನಿನ್ ಮಗಳಿಗೆ," ಎಂದಳು. ಅದನ್ನು ಅಲ್ಲೇ ಬಿಟ್ಟು ಬಂದೆ. ವಿಮಾನದಲ್ಲಿ ಅಕ್ಕಪಕ್ಕದ ಸೀಟು. ಅಬುಧಾಬಿಯವರೆಗೆ ನಾನು ಆಡಿದ್ದು ಒಂದೇ ಮಾತು: "ಕಿಟಕಿ ಮುಚ್ಚು."

ಮೂರು ತಿಂಗಳಲ್ಲಿ ದುಬೈಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಹಿಡಿದು ಅಲ್ಲಿಯ ಸಿಲಿಕಾನ್ ಓಯಸಿಸ್‌ನ ಒಂದು ಕೋಣೆಯ ಮನೆಗೆ ಬಂದೆ. ಸಾಮಾನು ಕಟ್ಟುವಾಗ ಅವಳು ಬಾಗಿಲಲ್ಲಿ ನಿಂತು, "ನಾನು ಹೇಳ್ಲೇಬಾರದಿತ್ತು ಅಲ್ವಾ?" ಎಂದಳು. ನಾನು ಟೇಪು ಹಚ್ಚುತ್ತಲೇ ಇದ್ದೆ. ಕಾರಣ ಯಾರಿಗೂ ತಿಳಿಸಲಿಲ್ಲ. ಕ್ರಿಸ್ಮಸ್ಸಿಗೆ ಅವಳ ಮೆಸೇಜು ಬರುತ್ತದೆ. ಓದುತ್ತೇನೆ, ಉತ್ತರಿಸುವುದಿಲ್ಲ.

ಕಳೆದ ವರ್ಷ ಮಗಳು ಕಾಲೇಜು ರಜೆಯಲ್ಲಿ ವಿಸಿಟ್ ವೀಸಾದ ಮೇಲೆ ಹತ್ತು ದಿನಕ್ಕೆ ಬಂದಳು. ಅವಳು ನನ್ನನ್ನು ‘ನೀವು’ ಎನ್ನುತ್ತಾಳೆ. ಅಕ್ಕನನ್ನು ‘ನೀನು’. ಹೊರಡುವ ಮುನ್ನಾದಿನ ಮಧ್ಯಾಹ್ನ ಊಟದ ಮೇಜಿನಲ್ಲಿ ಅವಳಿಗೆ ಎಲ್ಲ ಹೇಳಿದೆ. ನಿನ್ನನ್ನು ನಾನು ಬೇಕೆಂದೇ ದೂರ ಇಟ್ಟದ್ದಲ್ಲ, ಶಾಲೆಯ ಫಾರ್ಮ್ ಕೂಡ ತಂದಿದ್ದೆ, ಹೀಗಾಯಿತು ಎಂದೆ. ಅವಳು ಮೀನಿನ ಮುಳ್ಳು ಬಿಡಿಸುತ್ತ ಕೇಳಿಸಿಕೊಂಡಳು.

"ಪಾಪ ಮಮ್ಮಿ," ಎಂದಳು ಕೊನೆಗೆ. ಮತ್ತೆ ಮುಳ್ಳನ್ನು ತಟ್ಟೆಯಂಚಿಗಿಟ್ಟು, "ಆದ್ರೆ ಆರು ವರ್ಷ ಇತ್ತಲ್ಲ. ಸ್ಪೇನಿಂದ ಬಂದ್ಮೇಲೆ ಮೂರೇ ತಿಂಗಳಲ್ಲಿ ಬೇರೆ ಕೆಲಸ ಸಿಕ್ಕಿತು ಅಂದ್ರಲ್ಲ. ಅದಕ್ಕೂ ಮುಂಚೆ ಹುಡುಕ್ಲಿಕ್ಕೆ ಆಗ್ತಿರ್ಲಿಲ್ವಾ?"

ಅವಳ ದನಿಯಲ್ಲಿ ಕೋಪವಿರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದು. ಅಂಥ ಗೆಳತಿ ಇದ್ದಳು, ವಾರ್ಡು ರೂಢಿಯಾಗಿತ್ತು, ಬಿಟ್ಟು ಬರಲು ಮನಸ್ಸಾಗಲಿಲ್ಲ ಎನ್ನಬೇಕಿತ್ತು. ಅದರ ಬದಲು ಇನ್ನೊಂದು ತುಂಡು ಮೀನು ಹಾಕಲಾ ಎಂದು ಕೇಳಿದೆ. ಸಾಕು ಎಂದು ಅವಳು ತಟ್ಟೆ ಎತ್ತಿಕೊಂಡು ಎದ್ದಳು.