ಟಣ್ಣಣ್ಣನ ಕಿವಿ, ಹೊಸ ಟಿವಿಯ ದನಿ

ಮಡಕೆ ವ್ಯಾಪಾರದಲ್ಲಿ ಕಣ್ಣಿಗಿಂತ ಕಿವಿ ದೊಡ್ಡದು. ಬೆರಳ ಗೆಣ್ಣಿನಿಂದ ಒಂದೇಟು ಹಾಕಿದರೆ ಟಣ್ ಎಂದದ್ದು ಗಟ್ಟಿ, ಡಬ್ ಎಂದದ್ದರಲ್ಲಿ ಬಿರುಕು. ಹೀಗೆ ಬಡಿದು ಬಡಿದೇ ತಲೆ ನರೆತ ವ್ಯಾಪಾರಿಯನ್ನು ಬೀದಿಯವರು ಟಣ್ಣಣ್ಣ ಎನ್ನುತ್ತಿದ್ದರು. ಕುಂಬಾರ ಆಣೆ ಇಟ್ಟರೂ ನಂಬದ ಆಸಾಮಿ, ತನ್ನ ಕಿವಿಯನ್ನು ಮಾತ್ರ ನಂಬಿದ್ದ. ಆ ಕಿವಿ ಹೋದ ದಿನ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿ ಅಳಿಯನ ಪಾಲು ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಅಳಿಯನಿಗೆ ತುಸು ಹೆಚ್ಚೇ ಗೊತ್ತಿದೆ ಎಂದು ಟಣ್ಣಣ್ಣನ ಗುಮಾನಿ.

ಅಂಥವನ ಮನೆಗೆ ಹಲಗೆಯಷ್ಟು ತೆಳ್ಳನೆಯ ಹೊಸ ಟಿವಿ ಬಂತು. ಸರಕು ಒಪ್ಪಿಗೆಯಾಗುವವರೆಗೆ ಸುತ್ತಿದ ಹುಲ್ಲು ಬಿಚ್ಚಬಾರದೆಂಬುದು ಮಡಕೆಯವರ ರೂಢಿ. ಅದಕ್ಕೇ, ಟಿವಿ ಕೂರಿಸಲು ಬಂದವನಿಗೆ ಮುಂದಿನ ಹಾಳೆ ಕೀಳಲಷ್ಟೇ ಬಿಟ್ಟು, ಪೆಟ್ಟಾಗದಂತೆ ಬೆನ್ನಿಗಂಟಿಸಿದ್ದ ಸ್ಪಂಜನ್ನು ಟಣ್ಣಣ್ಣ ಹಾಗೇ ಉಳಿಸಿಕೊಂಡ.

ಚಿತ್ರ ಕಣ್ಣಿಗೆ ಹಬ್ಬ. ಮಾತು ಮಾತ್ರ ಗುಂಯ್ ಗುಂಯ್.

"ವಾರ್ತೆಯವಳು ಏನಂದ್ಳು?" ಎಂದು ಹೆಂಡತಿಯನ್ನು ಕೇಳಿದ.

"ಒಳ್ಳೇದೇ ಅಂದ್ಳು."

"ನಿನಗೆ ಕೇಳಿಸ್ತಾ?"

"ಸ್ಪಷ್ಟವಾಗಿ ಕೇಳ್ತಿದೆಯಲ್ಲ, ಮಾವ," ಎಂದು ಅಳಿಯ ನಡುವೆ ಬಾಯಿ ಹಾಕಿದ.

ಟಣ್ಣಣ್ಣ ಇಬ್ಬರ ಮುಖವನ್ನೂ ನೋಡಿದ. ಇವರಿಬ್ಬರೂ ಒಂದಾದರೋ, ಕಿವಿಯೇ ಕೈಕೊಟ್ಟಿತೋ?

ಮರುದಿನ ದೂರು ಹೊತ್ತು ಟಿವಿ ಅಂಗಡಿಗೆ ಹೋದ. ಅಲ್ಲಿ ಅದೇ ಟಿವಿಯನ್ನು ಕಿವುಡನಿಗೂ ಕೇಳುವಷ್ಟು ಗಟ್ಟಿಯಾಗಿ ಹಾಕಿದ್ದರು. ಅದರಿಂದ ಕಿವಿಯ ಪರೀಕ್ಷೆ ಆಗಲಿಲ್ಲ.

"ಕಿವಿ ತೋರಿಸ್ಕೊಳ್ಳಿ ಅಂತ ನಾನು ಹೇಳಲ್ಲ ಯಜಮಾನ್ರೇ," ಎಂದ ಅಂಗಡಿಯವ. "ಬೇರೆ ಸ್ಪೀಕರ್ ಒಂದು ತಗೊಂಡುಬಿಡಿ."

ಮದ್ದು ಮಾರುವವನೇ ರೋಗವನ್ನೂ ಕಟ್ಟಿಕೊಟ್ಟಿರುತ್ತಾನೆ ಎಂದುಕೊಂಡು ಟಣ್ಣಣ್ಣ ಬರಿಗೈಯಲ್ಲಿ ಮನೆಗೆ ಬಂದ. ಸರಕು ವಾಪಸ್ ಕೊಟ್ಟೇ ತೀರುವುದೆಂದು, ಹಾಕಿಟ್ಟಿದ್ದ ಟಿವಿಯ ಬೆನ್ನು ತಿರುಗಿಸಿದ. ಚಟ ಬಿಡಬೇಕಲ್ಲ, ಗೆಣ್ಣಿನಿಂದ ಬಡಿದು ಕಿವಿಯಿಟ್ಟ. ವಾರ್ತೆಯವಳು ಸ್ಪಂಜಿನೊಳಗೆ ಉಸಿರುಗಟ್ಟಿ ಒದ್ದಾಡುತ್ತಿದ್ದಳು. ಸ್ಪೀಕರ್ ಇದ್ದದ್ದೇ ಅಲ್ಲಿ. ಸ್ಪಂಜನ್ನು ಕಿತ್ತೆಸೆದ. ದನಿ ಕೋಣೆ ತುಂಬಿತು.

"ಯಾರು ಬಂದಿರೋದು?" ಎನ್ನುತ್ತ ಹೆಂಡತಿ ಅಡುಗೆಮನೆಯಿಂದ ಇಣುಕಿದಳು.

"ಹಾಗಾದ್ರೆ ನಿನ್ನೆಯಿಂದ ನಿನಗೂ ಕೇಳ್ತಿರ್ಲಿಲ್ವಾ?"

"ನಾನು ನೋಡ್ತಿದ್ದೆ. ಕೇಳ್ತಿದ್ದೆ ಅಂತ ಯಾರಂದ್ರು?"

ಅಳಿಯ ಕತ್ತು ಕೆರೆದುಕೊಂಡ. "ನನಗೂ ಕೇಳ್ತಿರ್ಲಿಲ್ಲ, ಮಾವ. ಹಾಗಂತ ಹೇಳಿದ್ರೆ, ಇವನಿಗೆ ಕಿವಿಯಿಲ್ಲ ಅಂತ ಅಂಗಡೀನ ಬೇರೆ ಯಾರಿಗಾದ್ರೂ ವಹಿಸಿಬಿಡ್ತೀರೇನೋ ಅಂತ..."

ಟಣ್ಣಣ್ಣನಿಗೆ ಹೋದ ಜೀವ ಬಂತು. ಕಿವಿ ನೆಟ್ಟಗಿದೆ, ಕುರ್ಚಿಯೂ ಭದ್ರ. ಆದರೆ ಆ ನೆಮ್ಮದಿ ಊಟದ ಹೊತ್ತಿಗೇ ಹಳಸಿತು. ಕೇಳದೆಯೂ ಕೇಳಿತೆಂದ ಈ ಮುಖವೇ ಅಲ್ಲವೇ ಅಂಗಡಿಯಲ್ಲಿ ಮಡಕೆ ಬಡಿದು 'ಗಟ್ಟಿ' ಎನ್ನುವುದು?

ಬೆಳಿಗ್ಗೆ ಗಿರಾಕಿಗಳು ಬರುವ ಮೊದಲೇ ಅಳಿಯನನ್ನು ಮಡಕೆಗಳ ಮುಂದೆ ಕೂರಿಸಿದ. ಅಳಿಯ ಒಂದನ್ನು ಬಡಿದು, ಮಾವನ ಕಡೆ ನೋಡಿ, "ಗಟ್ಟಿ," ಎಂದ.

"ಮಡಕೆ ಹೇಳಿದ್ದಾ, ನನ್ನ ಮುಖ ಹೇಳಿದ್ದಾ?"

ಅಳಿಯ ಆ ಮಡಕೆಯನ್ನು ಮತ್ತೆ ಕೈಗೆತ್ತಿಕೊಂಡ. "ನೀವು ಆ ಕಡೆ ತಿರುಗಿ ಕೂತ್ಕೊಳ್ಳಿ, ಮಾವ. ಆಮೇಲೆ ಹೇಳ್ತೀನಿ."

ಟಣ್ಣಣ್ಣ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯನ್ನು ಕೂತಲ್ಲೇ ಗೋಡೆಯ ಕಡೆ ತಿರುಗಿಸಿಕೊಂಡ. ಅದನ್ನು ಬಿಟ್ಟು ಮಾತ್ರ ಏಳಲಿಲ್ಲ.