ಡಾಕಿನಲ್ಲಿ ಹೇಳಿ

ಮುಂಬಯಿಯ ಆಂಟಾಪ್ ಹಿಲ್ಲಿನ ಚಹಾ ಹೋಟೆಲಿನ ಕೊರಗಪ್ಪಣ್ಣನಿಗೆ ಲೋಕದಲ್ಲಿ ಸಿಡಿಯುವುದನ್ನೆಲ್ಲ ಅಳೆಯಲು ಒಂದೇ ಅಳತೆ: ಹತ್ತು ವರ್ಷದ ಹಿಂದೆ, ಯುದ್ಧಕಾಲದಲ್ಲಿ, ಅಲ್ಲಿನ ಬಂದರಿನ ಡಾಕಿನಲ್ಲಿ ಸಿಡಿದ ಮದ್ದುಗುಂಡಿನ ಹಡಗು. ಸ್ಟವ್ ಭುಗ್ಗೆಂದರೆ "ಕಾಲು ಡಾಕು" ಎನ್ನುತ್ತಾನೆ. ಹೆಂಡತಿ ಸೇವಂತಿ ಒಳಗೆ ಪಾತ್ರೆ ಕುಕ್ಕಿದರೆ "ಅರ್ಧ ಡಾಕು, ಇವತ್ತು ಯಾರೂ ಎರಡನೇ ಚಟ್ನಿ ಕೇಳುದು ಬೇಡ" ಎಂದು ಗಿರಾಕಿಗಳಿಗೆ ಪಿಸುಗುಡುತ್ತಾನೆ. ಬೆಳಿಗ್ಗೆ ಪೇಪರ್ ಓದಿ ಹೇಳುವವರು ಮೈಸೂರು ಕಡೆಯ ಗುಮಾಸ್ತ ಕೇಶವಮೂರ್ತಿಗಳು. ಅವರು ಹೈಡ್ರೋಜನ್ ಬಾಂಬೆಂದರೆ ಇಷ್ಟು ಲಕ್ಷ ಟನ್ ಟಿಎನ್‌ಟಿ ಮದ್ದು ಒಟ್ಟಿಗೆ ಸಿಡಿದ ಹಾಗೆ ಎಂದು ಬಿಡಿಸಿ ಹೇಳಿದರೆ, ಇವನು ಚಹಾ ಎತ್ತಿ ಸುರಿಯುತ್ತಿದ್ದ ಕೈಯನ್ನೇ ನಿಲ್ಲಿಸಿ, "ಆ ಟನ್ನು ಗಿನ್ನು ನಮಗೆ ತಿಳಿಯುದಿಲ್ಲ ಮಾರಾಯ್ರೇ, ಡಾಕಿನಲ್ಲಿ ಹೇಳಿ" ಎನ್ನುತ್ತಾನೆ. ಇಂಥವನು ರಸ್ತೆಯಲ್ಲಿ ಫೈರ್ ಬ್ರಿಗೇಡಿನ ಗಂಟೆ ಕೇಳಿದರೆ ಮಾತ್ರ ಎಲ್ಲ ಅಳತೆ ಮರೆತು ಬಾಗಿಲಿಗೆ ಓಡುತ್ತಾನೆ. ಬಂಡಿ ಮರೆಯಾಗುವ ತನಕ ಕೈಮುಗಿದು ನಿಲ್ಲುತ್ತಾನೆ. ಅಂದು ಡಾಕಿನಲ್ಲಿ ಮೂಟೆ ಹೊರುತ್ತಿದ್ದ ಅವನನ್ನು ಕುಸಿದ ಗೋದಾಮಿನಡಿಯಿಂದ ಎಳೆದು ಹೊರಗೆ ಹಾಕಿದ ಫೈರ್‌ಮನ್, ಹೆಸರು ಕೇಳುವುದಕ್ಕೂ ಸಿಗದೆ ಮತ್ತೆ ಬೆಂಕಿಯೊಳಗೆ ಹೋದವನು, ಹೊರಗೆ ಬರಲಿಲ್ಲ. ಅಂದಿನಿಂದ ಆ ಸಮವಸ್ತ್ರದವರು ಯಾರೇ ಬರಲಿ, ಮೊದಲ ಚಹಾ ಅವರಿಗೆ. ಮೊನ್ನೆ ಮೂರ್ತಿಗಳು ಪೆಸಿಫಿಕ್ ಸಮುದ್ರದಲ್ಲಿ ಸಿಡಿಸಿದ ಹೊಸ ಬಾಂಬಿನ ಲೆಕ್ಕ ಹಾಕಿ, "ಸಾವಿರಾರು ಡಾಕು, ಕೊರಗಪ್ಪನವರೇ!" ಎಂದರು. ಅವನು ಸ್ಟವ್ ತಗ್ಗಿಸಿದ. "ಒಂದು ಡಾಕು ಆರಿಸುದಕ್ಕೇ ಅಷ್ಟು ಜನ ಒಳ್ಳೆಯವರು ಹೋದರು, ಮೂರ್ತಿಗಳೇ," ಎಂದ. "ಇದಕ್ಕೆ ಅಂಥವರನ್ನು ಎಲ್ಲಿಂದ ತರುದು?"